ಮುಗಿಯದ ಕೋಟು

ನಮ್ಮ ಅಂಗಡಿಯ ಟ್ರಯಲ್ ರೂಮನ್ನು ರೂಮು ಅನ್ನುವುದೇ ದೊಡ್ಡ ಮಾತು. ಬಟ್ಟೆ ಕತ್ತರಿಸುವ ಮೇಜಿನ ಪಕ್ಕದ ಮೂಲೆಗೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ, ಎದುರಿಗೆ ದಪ್ಪ ಪರದೆ ಇಳಿಬಿಟ್ಟಿದ್ದಾನೆ ಅಣ್ಣ. ಒಳಗೆ ಆಳೆತ್ತರದ ಕನ್ನಡಿ, ಬಟ್ಟೆ ತಗುಲಿಸಲು ಮೊಳೆ, ಕೂರಲು ಒಂದು ಸ್ಟೂಲು. ಮೈ ತುಂಬಿದವರು ಒಳಗೆ ಕೈ ಎತ್ತಿದರೆ ಪರದೆ ಹೊರಕ್ಕೆ ಉಬ್ಬುತ್ತದೆ. ಬಂದವರೆಲ್ಲ ಗಡಿಬಿಡಿಯಲ್ಲಿ ತೊಟ್ಟು, ಗಡಿಬಿಡಿಯಲ್ಲಿ ಬಿಚ್ಚಿ, ಬೆವರು ಒರೆಸಿಕೊಂಡು ಹೊರಗೆ ಬರುತ್ತಾರೆ.

ಅಣ್ಣನನ್ನು ಎಲ್ಲರೂ ಮಾಸ್ಟರ್ ಎಂದೇ ಕರೆಯುವುದು. ಕೋಟು ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಅವನು ಅಳತೆ ತೆಗೆದು ಕತ್ತರಿ ಆಡಿಸಿದ ಬಟ್ಟೆ ಒಂದೇ ಟ್ರಯಲ್‌ಗೆ ಮೈಮೇಲೆ ಕೂರಬೇಕು. ಇನ್ನೊಂದು ಸಲ ಬಂದರೆ ಅದು ಮರ್ಯಾದೆಯ ಪ್ರಶ್ನೆ. ದಾರಿಯಲ್ಲಿ ಹೋಗುವವರನ್ನೂ ಅವನು ಮುಖ ನೋಡಿ ಗುರುತು ಹಿಡಿಯುವುದಿಲ್ಲ, ಭುಜ ನೋಡಿ ಹಿಡಿಯುತ್ತಾನೆ. “ಎಡ ಭುಜ ತಗ್ಗಿರೋರು ಬಂದಿದ್ರಾ?” ಎಂದು ಕೇಳಿದರೆ ಅದು ಎದುರು ಮನೆಯ ಡಾಕ್ಟರು ಎಂದು ನಾವೇ ಅರ್ಥ ಮಾಡಿಕೊಳ್ಳಬೇಕು. ಜಂಬ ಸ್ವಲ್ಪ ಜಾಸ್ತಿಯೇ. ಆದರೆ ಅವನ ಕೋಟು ತೊಟ್ಟು ಕನ್ನಡಿಯ ಮುಂದೆ ನೆಟ್ಟಗಾಗುವವರನ್ನು ನೋಡಿದರೆ ಆ ಜಂಬವನ್ನು ಮಾಫಿ ಮಾಡಬಹುದು.

ನಾನು ಅವನ ತಂಗಿ. ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಒಳ ಅಂಚಿನ ಕೈಹೊಲಿಗೆ ನನ್ನ ಪಾಲಿನ ಕೆಲಸ. ಬಂದವರನ್ನು ಮಾತನಾಡಿಸುವ ಕೆಲಸವನ್ನು ಯಾರೂ ವಹಿಸಲಿಲ್ಲ, ನಾನೇ ವಹಿಸಿಕೊಂಡಿದ್ದೇನೆ. ಕೇಳದೆ ಇರುವುದು ನನಗೆ ಬರುವುದಿಲ್ಲ. ಮಗನ ಪರೀಕ್ಷೆ ಏನಾಯಿತು, ಮೇಲಿನ ಮನೆಯವರ ಜಗಳ ಮುಗಿಯಿತಾ, ಈ ಬಣ್ಣವನ್ನು ಯಾಕೆ ಆರಿಸಿದಿರಿ, ಇಷ್ಟು ದಿನ ಯಾಕೆ ಕಾಣಲಿಲ್ಲ. ಅತ್ತಿಗೆ ಇದಕ್ಕೆ ಮೂಗು ತೂರಿಸುವುದು ಅನ್ನುತ್ತಾರೆ. ನಾನು ಅಕ್ಕರೆ ಅನ್ನುತ್ತೇನೆ. ನೀನ್ಯಾಕೆ ಮದುವೆಯಾಗಿಲ್ಲ ಎಂದು ಯಾರಾದರೂ ನನ್ನನ್ನೇ ಕೇಳಿದರೆ ಮಾತ್ರ ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಾಯಿ ಖಾಲಿ ಇಲ್ಲವೆಂದು ಸನ್ನೆ ಮಾಡುತ್ತೇನೆ.

ಆ ಹೆಂಗಸು ಅಂಗಡಿಗೆ ಬಂದದ್ದು ಒಂದು ಸಂಜೆ, ಬೂದು ಬಣ್ಣದ ಉಣ್ಣೆ ಬಟ್ಟೆ ಹಿಡಿದುಕೊಂಡು. ನಡುವಯಸ್ಸು. ಒಂದು ಉದ್ದ ಕೋಟು ಬೇಕು ಎಂದರು. ಅಣ್ಣ ಅಳತೆ ತೆಗೆಯುತ್ತಿದ್ದಷ್ಟು ಹೊತ್ತೂ ಅವರ ಫೋನು ಬಡಿದುಕೊಳ್ಳುತ್ತಲೇ ಇತ್ತು. ತೋಳಿನ ಅಳತೆಗೆ ಕೈ ಚಾಚಿಕೊಂಡೇ “ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ನೋಡು” ಎಂದರು. ಬೆನ್ನಿನ ಅಳತೆಗೆ ತಿರುಗಿ ನಿಂತು “ಊಟ ಆದ ಮೇಲೆ ಬಿಳೀ ಮಾತ್ರೆ, ಅತ್ತೆ, ಊಟಕ್ಕೆ ಮುಂಚೆ ಅಲ್ಲ” ಎಂದರು. ನಾನು ಸುಮ್ಮನಿರಲಾರದೆ ಎಲ್ಲಿ ಕೆಲಸ ಎಂದು ಕೇಳಿದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿದರು, ತಲೆನೋವು ಬಂದವರ ಹಾಗೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಎಂದರು, ಅಷ್ಟೇ. ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂದುಕೊಂಡೆ. ಅಂದೇ ಅವರಿಗೆ ಕೋಟಿನಮ್ಮ ಎಂದು ಹೆಸರಿಟ್ಟೆ.

ಮೊದಲ ಟ್ರಯಲ್‌ಗೆ ಬಂದವರು ಫೋನು ಆಫ್ ಮಾಡಿ ಚೀಲಕ್ಕೆ ಹಾಕಿದರು, ಕೋಟು ತೆಗೆದುಕೊಂಡು ಪರದೆ ಎಳೆದುಕೊಂಡರು. ನಾನು ಕಾಜಾಗಳೆಲ್ಲ ಮುಗಿಸಿ ದಾರ ಕತ್ತರಿಸಿದೆ, ಅವರಿನ್ನೂ ಒಳಗೇ. ಕೊನೆಗೆ ಹೊರಗೆ ಬಂದು, ತೋಳು ಸ್ವಲ್ಪ ಹಿಡಿಯುತ್ತೆ ಅನ್ನಿಸುತ್ತೆ ಎಂದರು, ನೆಲ ನೋಡಿಕೊಂಡು. ಅಣ್ಣ ಹುಬ್ಬು ಗಂಟಿಕ್ಕಿದ. ಮುಂದಿನ ವಾರ ಬರಲು ಹೇಳಿ ತೋಳು ಬಿಚ್ಚಿ ಸಡಿಲ ಮಾಡಿದ. ಮುಂದಿನ ವಾರ ಬಂದರು, ಅಷ್ಟೇ ಹೊತ್ತು ಒಳಗಿದ್ದರು, ತೋಳು ಈಗ ಸ್ವಲ್ಪ ದೊಗಳೆ ಎಂದರು. ಅಣ್ಣ ಬಿಗಿ ಮಾಡಿದ. ಆಮೇಲೆ ಭುಜ ಎತ್ತಿದ ಹಾಗಿದೆ ಎಂದಾಯಿತು, ಭುಜ ಇಳಿಸಿದ. ಭುಜ ಇಳಿದ ಹಾಗಿದೆ ಎಂದಾಯಿತು, ಎತ್ತಿದ. ಆ ಕೋಟಿಗೆ ನಾಲಗೆ ಇದ್ದಿದ್ದರೆ ನಮ್ಮಿಬ್ಬರಿಗೂ ಶಾಪ ಹಾಕುತ್ತಿತ್ತು.

ನಾನು ಮೊದಮೊದಲು ಇದನ್ನು ತಮಾಷೆಯಾಗಿಯೇ ತೆಗೆದುಕೊಂಡೆ. ಅಣ್ಣ ತೆಗೆದುಕೊಳ್ಳಲಿಲ್ಲ. ಬಟ್ಟೆಯ ಟೇಪು ಹಳೆಯದಾದಂತೆ ಎಳೆದುಕೊಳ್ಳುತ್ತದೆ, ಅದಕ್ಕೇ ಅಳತೆ ತಪ್ಪಿರಬೇಕು ಎಂದು ಟೇಪನ್ನು ಕಬ್ಬಿಣದ ಸ್ಕೇಲಿನ ಪಕ್ಕ ಇಟ್ಟು ನೋಡಿದ. ಟೇಪು ಸರಿಯಾಗಿತ್ತು. ಹೊಸ ಟೇಪು ತಂದ. ಅದೂ ಅದನ್ನೇ ಹೇಳಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ. ಈ ವಯಸ್ಸಿಗೆ ಇಂಥ ಕಣ್ಣು ಇರುವುದು ಪುಣ್ಯ ಎಂದರಂತೆ. ಆ ಮಾತಿನಿಂದ ಅವನಿಗೆ ಸಮಾಧಾನವಾಗುವ ಬದಲು ಹೆದರಿಕೆಯಾಯಿತು. ತಪ್ಪು ಟೇಪಿನದಲ್ಲ, ಕಣ್ಣಿನದಲ್ಲ ಎಂದಮೇಲೆ ಉಳಿದದ್ದು ಕೈ.

ಅಲ್ಲಿಂದ ಮುಂದೆ ಅವನು ಅವನಾಗಿ ಉಳಿಯಲಿಲ್ಲ. ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, ಕತ್ತರಿ ಹಿಡಿದವನು ಹಾಗೇ ನಿಂತುಬಿಡುತ್ತಿದ್ದ. ಅತ್ತಿಗೆ ಬಡಿಸಿದ ಅನ್ನ ತಟ್ಟೆಯಲ್ಲಿ ಆರುತ್ತಿತ್ತು. ನಮ್ಮ ಅಂಗಡಿ ತೆರೆದಾಗಿನಿಂದ ಇಲ್ಲಿಯೇ ಕೋಟು ಹೊಲಿಸುವ ವಕೀಲರು ಒಳ್ಳೆಯ ಕರಿ ಬಟ್ಟೆ ಹಿಡಿದುಕೊಂಡು ಬಂದರೆ, ಈಗ ಕೆಲಸ ಜಾಸ್ತಿ ಸಾರ್, ಸ್ವಲ್ಪ ದಿನ ಹೋಗಲಿ ಎಂದು ಕಳಿಸಿದ. ಕೆಲಸ ಜಾಸ್ತಿಯಂತೆ! ಮೇಜಿನ ಮೇಲೆ ಕೋಟಿನಮ್ಮನ ಕೋಟು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಮಧ್ಯಾಹ್ನ ಅತ್ತಿಗೆಯ ಮುಂದೆ ಕೂತು, ಇನ್ನು ಮೇಲೆ ಕಟಿಂಗ್ ಬೇಡ, ರೆಡಿಮೇಡ್ ಪ್ಯಾಂಟುಗಳ ಕಾಲು ಮಡಿಸಿ ಹೊಲಿದುಕೊಂಡು ಇದ್ದುಬಿಡೋಣ, ಮೇಜು ಮಾರಿಬಿಡೋಣ ಎಂದ. ಅತ್ತಿಗೆ ಒಳಗೆ ಹೋಗಿ ಅತ್ತರು. ನನಗೆ ಕೋಟಿನಮ್ಮನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

ಸಿಟ್ಟು ಬಂದಾಗ ನನ್ನ ಕಣ್ಣು ಇನ್ನಷ್ಟು ಚುರುಕಾಗುತ್ತದೆ. ಮುಂದಿನ ಸಲ ಅವರು ಒಳಗೆ ಹೋದಾಗ ಕಿವಿ ನಿಮಿರಿಸಿ ಕೂತೆ. ಉಣ್ಣೆ ಕೋಟು ತೊಡುವಾಗ ಸದ್ದಾಗುತ್ತದೆ, ಒಳಗಿನ ಲೈನಿಂಗ್ ಸರಸರ ಅನ್ನುತ್ತದೆ, ಹ್ಯಾಂಗರು ಮೊಳೆಗೆ ತಾಗುತ್ತದೆ. ಯಾವುದೂ ಕೇಳಲಿಲ್ಲ. ಒಂದು ದೀರ್ಘ ಉಸಿರು ಕೇಳಿಸಿತು, ಆಮೇಲೆ ಅದೂ ಇಲ್ಲ. ಅವರು ಹೋದ ಮೇಲೆ ಪರದೆ ಸರಿಸಿ ನೋಡಿದರೆ ಸ್ಟೂಲು ಮೂಲೆಗೆ ಸರಿದಿತ್ತು, ಕನ್ನಡಿಗೆ ಬೆನ್ನು ಹಾಕಿ ಕೂರುವ ಹಾಗೆ. ಟ್ರಯಲ್ ನೋಡುವವರು ಕನ್ನಡಿಗೆ ಬೆನ್ನು ಹಾಕುತ್ತಾರೆಯೇ? ಕೋಟನ್ನು ಕೈಗೆತ್ತಿಕೊಂಡೆ. ಭುಜದ ಒಳಗೆ ಅಣ್ಣ ಹಾಕಿದ್ದ ಸೀಮೆಸುಣ್ಣದ ಗುರುತು ಪುಡಿ ಸಮೇತ ಹಾಗೆಯೇ ಕೂತಿತ್ತು. ಮೈಗೆ ತಾಗಿದ ಗುರುತು ಹಾಗಿರುವುದಿಲ್ಲ, ಅರ್ಧ ಬಟ್ಟೆಗೆ, ಅರ್ಧ ಮೈಗೆ ಹಂಚಿಹೋಗಿರುತ್ತದೆ.

ಅಣ್ಣನಿಗೆ ಆಗಲೇ ಹೇಳಬಹುದಿತ್ತು. ಹೇಳಿದ್ದರೆ, ನನ್ನ ಮನಸ್ಸು ಹಗುರ ಮಾಡಲು ಕಥೆ ಕಟ್ಟುತ್ತೀಯ ಎನ್ನುತ್ತಿದ್ದ. ಸಾಕ್ಷಿ ಬೇಕಿತ್ತು. ಮುಂದಿನ ಸಲ ಕೋಟು ಕೊಡುವ ಮುಂಚೆ ಎರಡೂ ತೋಳಿನ ಒಳಗೆ ಕೈ ಹಾಕಿ ಅಡ್ಡಡ್ಡ ಕಚ್ಚಾ ಹೊಲಿಗೆ ಹಾಕಿಬಿಟ್ಟೆ. ಕೈ ತೂರಿಸಿದರೆ ದಾರ ಕಿತ್ತು ಬರಬೇಕು, ಇಲ್ಲವೇ ಕೈ ಅರ್ಧಕ್ಕೇ ನಿಲ್ಲಬೇಕು. ಇಂಥ ಕಿತಾಪತಿ ಮಾಡುವಾಗ ನನಗೆ ಎಷ್ಟು ಖುಷಿಯಾಯಿತು ಎಂದು ಹೇಳಿದರೆ ನೀವು ನನ್ನನ್ನು ಕೆಟ್ಟವಳು ಅಂದುಕೊಳ್ಳುತ್ತೀರಿ.

ಕೋಟಿನಮ್ಮ ಬಂದರು. ಫೋನು ಆರಿತು, ಪರದೆ ಮುಚ್ಚಿತು. ಅಣ್ಣ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ, ಶಿಕ್ಷೆಗೆ ಕಾಯುವವನ ಹಾಗೆ. ಬಹಳ ಹೊತ್ತಾದ ಮೇಲೆ ಹೊರಗೆ ಬಂದ ಆಕೆ ಕೋಟನ್ನು ನನ್ನ ಕೈಗಿತ್ತು ಹೇಳಿದರು: “ತೋಳು ಈಗ ಪರವಾಗಿಲ್ಲ. ಆರಾಮಾಗಿದೆ. ಬೆನ್ನಲ್ಲಿ ಸ್ವಲ್ಪ ಎಳೆಯುತ್ತೆ ಅಷ್ಟೇ.”

ನಾನು ತೋಳಿನೊಳಗೆ ಬೆರಳಿಟ್ಟೆ. ನನ್ನ ಹೊಲಿಗೆ ಒಂದೆಳೆಯೂ ಅಲುಗದೆ ಇತ್ತು. ತೋಳು ಆರಾಮಾಗಿದೆಯಂತೆ. ನಗು ಬಂತೋ ಸಿಟ್ಟು ಬಂತೋ ನನಗೇ ತಿಳಿಯಲಿಲ್ಲ. ಆಕೆ ಮೆಟ್ಟಿಲಿಳಿದು ಹೋಗುವಾಗ ಹಿಂದಿನಿಂದ ನೋಡಿದೆ. ಬಂದಾಗ ಕಿವಿಯ ಹತ್ತಿರ ಇದ್ದ ಭುಜಗಳು ಈಗ ಇರಬೇಕಾದ ಜಾಗಕ್ಕೆ ಇಳಿದಿದ್ದವು. ಮಾಸ್ಟರ್ ತಂಗಿಯಾಗಿ ಅಷ್ಟು ನನಗೂ ಕಾಣುತ್ತದೆ. ಯಾಕೆ ಈ ನಾಟಕ, ಒಳಗೆ ಏನು ಮಾಡುತ್ತಾರೆ, ಬೇಡದ ಕೋಟನ್ನು ಹೊಲಿಸಿದ್ದು ಯಾಕೆ? ಕೇಳದೆ ಇದ್ದರೆ ನನ್ನ ಹೊಟ್ಟೆ ಉಬ್ಬಿ ಒಡೆದೇ ಹೋಗುತ್ತಿತ್ತು.

ಮರುದಿನ ಗುಂಡಿ ತರುವ ನೆಪ ಹೇಳಿ ಬಸ್ ಸ್ಟ್ಯಾಂಡಿಗೆ ಹೋದೆ. ಹುಡುಕುವ ಕಷ್ಟವೇ ಬರಲಿಲ್ಲ. ವಿಚಾರಣೆ ಎಂದು ಬರೆದ ಬೋರ್ಡಿನ ಕೆಳಗೆ, ಅಂಗೈಯಷ್ಟು ರಂಧ್ರವಿರುವ ಗಾಜಿನ ಹಿಂದೆ ಕೂತಿದ್ದರು. ಮುಂದೆ ದೊಡ್ಡ ಸಾಲು. ನಾನೂ ಸಾಲಿನಲ್ಲಿ ನಿಂತೆ, ಕೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ. ನನ್ನ ಮುಂದಿನವರು ಕೇಳುತ್ತಿದ್ದರು. ಬಸ್ಸು ಯಾವಾಗ, ಎಲ್ಲಿ ನಿಲ್ಲುತ್ತೆ, ಬಂತಾ, ಯಾಕೆ ಬಂದಿಲ್ಲ, ಹೋಗಿಬಿಡ್ತಾ, ಯಾಕೆ ಹೋಯ್ತು. ಒಬ್ಬರು ಶೌಚಾಲಯ ಎಲ್ಲಿ ಎಂದು ಕೇಳಿದರು, ಅದರ ಬಾಗಿಲು ಅವರ ಬೆನ್ನ ಹಿಂದೆಯೇ ಇತ್ತು. ಒಬ್ಬರು ತಮ್ಮ ಅಳಿಯ ಯಾವ ಬಸ್ಸಿಗೆ ಬರುತ್ತಾನೆ ಎಂದು ಆಕೆಯನ್ನೇ ಕೇಳಿದರು. ಮಧ್ಯೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. “ಕುರ್ಚಿ ಕೆಳಗೆ ನೋಡು. ಆ ಕುರ್ಚಿ ಅಲ್ಲ, ಅಪ್ಪನ ಕುರ್ಚಿ” ಎಂದು ಇಟ್ಟರು. ಎಲ್ಲರಿಗೂ ಒಂದೇ ದನಿಯಲ್ಲಿ ಉತ್ತರ. ಸಿಡುಕು ಕೂಡ ಇರಲಿಲ್ಲ. ಸಿಡುಕಿದ್ದರೆ ನನಗೆ ಅಷ್ಟು ಕಸಿವಿಸಿಯಾಗುತ್ತಿರಲಿಲ್ಲ.

ನನ್ನ ಸರದಿ ಬಂತು. ತಲೆ ಎತ್ತದೆ “ಎಲ್ಲಿಗೆ?” ಎಂದರು.

“ಎಲ್ಲಿಗೂ ಇಲ್ಲ,” ಎಂದೆ. “ನಿಮ್ಮ ಕೋಟಿನ ತೋಳು ಒಳಗಡೆ ಹೊಲಿದುಬಿಟ್ಟಿದ್ದೆ, ಅದನ್ನ ಹೇಳೋಣ ಅಂತ ಬಂದೆ.”

ಆಕೆ ತಲೆ ಎತ್ತಿದರು. ಮುಖದ ಬಣ್ಣ ಇಳಿಯಿತು. ಪಕ್ಕದ ಸಹೋದ್ಯೋಗಿಗೆ ಏನೋ ಹೇಳಿ ಹಿಂದಿನ ಬಾಗಿಲಿನಿಂದ ಹೊರಗೆ ಬಂದರು. ಹಳೇ ಟೈರುಗಳನ್ನು ಪೇರಿಸಿದ್ದ ಗೋಡೆಯ ಪಕ್ಕ ನಿಂತೆವು. ಅಲ್ಲಿಗೂ ಒಬ್ಬ ಬಂದು ಕೊನೆಯ ಬಸ್ಸು ಯಾವಾಗ ಎಂದು ಕೇಳಿದ. ಅವನಿಗೆ ಉತ್ತರ ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಅವರೇ ಹೇಳತೊಡಗಿದರು.

“ಮನೇಲಿ ಬಚ್ಚಲಿಗೆ ಹೋದ್ರೂ ಬಾಗಿಲಾಚೆ ನಿಂತು ಕೇಳ್ತಾರೆ. ಪಾರ್ಕಲ್ಲಿ ಕೂತ್ರೆ, ಮುಖ ಗುರುತಿರೋರು ಬಂದು ಬಸ್ಸಿನ ಟೈಮ್ ಕೇಳ್ತಾರೆ. ಯಾರೂ ಕೆಟ್ಟೋರಲ್ಲ. ಬರೀ ಕೇಳ್ತಾರೆ, ಅಷ್ಟೇ. ನಿಮ್ಮಂಗಡೀಲಿ ಮೊದಲನೇ ದಿನ ಪರದೆ ಎಳ್ಕೊಂಡೆ ನೋಡಿ, ಎಲ್ಲರೂ ದೂರ ಸರಿದ್ರು. ಒಳಗಿರೋರು ಬಟ್ಟೆ ಬದಲಾಯಿಸ್ತಿದಾರೆ ಅಂತ ಒಬ್ಬರೂ ಮಾತಾಡಿಸಲಿಲ್ಲ. ಕೋಟು ಹಾಕ್ಕೊಳ್ಳೋಣ ಅಂತಲೇ ಹೋಗಿದ್ದು. ಸ್ಟೂಲ್ ಮೇಲೆ ಕೂತೆ, ಎದ್ದೇಳೋಕೆ ಮನಸ್ಸಾಗಲಿಲ್ಲ.”

ಮೂಟೆಯಷ್ಟು ಪ್ರಶ್ನೆ ಹೊತ್ತು ಹೋಗಿದ್ದೆ. ಒಂದೇ ಒಂದು ಹೊರಬಿತ್ತು. “ಕನ್ನಡಿಗೆ ಯಾಕೆ ಬೆನ್ನು ಹಾಕ್ತೀರಿ?”

“ಅದರಲ್ಲಿರೋಳೂ ಏನೋ ಕೇಳೋ ಹಾಗೆ ಕಾಣ್ತಾಳೆ,” ಎಂದರು.

ಬೇಕೆಂದೇ ಗಟ್ಟಿ ಮನಸ್ಸು ಮಾಡಿಕೊಂಡು ಅಣ್ಣನ ವಿಷಯ ಹೇಳಿದೆ. ಟೇಪು, ಕಣ್ಣು, ಮಾರಲು ಹೊರಟಿರುವ ಮೇಜು, ಎಲ್ಲ. ಆಕೆ ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಸುಳ್ಳು ಕೋಟಿಗಷ್ಟೇ ತಾಗುತ್ತದೆ ಎಂದುಕೊಂಡಿದ್ದೆ, ಹೊಲಿಯುವವರಿಗೂ ತಾಗುತ್ತದೆ ಎಂದು ಹೊಳೆಯಲೇ ಇಲ್ಲ ಎಂದರು. ನಾಳೆಯೇ ಬಂದು, ನಾಲ್ಕು ಜನರ ಮುಂದೆ ಕೋಟು ಚೆನ್ನಾಗಿದೆ ಎಂದು ಹೇಳಿ ತೆಗೆದುಕೊಂಡು ಹೋಗುತ್ತೇನೆ, ಇನ್ನು ಆ ಕಡೆ ಸುಳಿಯುವುದಿಲ್ಲ ಎಂದರು. ನಾನು ಬಯಸಿದ್ದು ಅದನ್ನೇ. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಯಾರದೋ ಕೈಯಿಂದ ತುತ್ತು ಕಿತ್ತುಕೊಂಡು ಬಂದ ಹಾಗೆ ಅನ್ನಿಸುತ್ತಿತ್ತು.

ಬಂದವಳೇ ಅಣ್ಣನ ಮುಂದೆ ಕೋಟು ಇಟ್ಟೆ. ತೋಳಿನೊಳಗೆ ಕೈ ಹಾಕು ಎಂದೆ. ಹಾಕಿದ, ದಾರಕ್ಕೆ ತಡೆಯಿತು. ನಾನು ಎಲ್ಲವನ್ನೂ ಹೇಳುವಷ್ಟು ಹೊತ್ತೂ ಅವನು ಕೈಯನ್ನು ತೋಳಿನೊಳಗೇ ಇಟ್ಟುಕೊಂಡು ಕೇಳಿದ. ಆಮೇಲೆ ಕೂಗಾಡಿದ, ಬೀದಿಗೆಲ್ಲ ಕೇಳುವ ಹಾಗೆ. ತೊಡದ ಕೋಟಿಗೆ ತಪ್ಪು ಹೇಳುತ್ತಾಳಾ, ಇಷ್ಟು ದಿನ ನನ್ನ ಅನ್ನ ನೀರು ಕಿತ್ತುಕೊಂಡಳಲ್ಲ, ಅವಳು ಬರಲಿ, ಕೋಟು ಕೈಗೆ ಕೊಟ್ಟು ಮೆಟ್ಟಿಲಿಳಿಸುತ್ತೇನೆ ಎಂದ. ನನಗೆ ಖುಷಿಯಾಯಿತು. ಇಷ್ಟು ದಿನದ ಮೇಲೆ ಅಣ್ಣನ ಗಂಟಲು ಅಣ್ಣನ ಹಾಗೆ ಕೇಳಿಸಿತ್ತು. ಆ ಸಿಟ್ಟಿನಲ್ಲೇ ವಕೀಲರಿಗೆ ಫೋನು ಮಾಡಿ, ನಾಳೆ ಬಟ್ಟೆ ತನ್ನಿ ಸಾರ್ ಎಂದ.

ಬೆಳಿಗ್ಗೆ ನಾನು ಅಂಗಡಿಗೆ ಬಂದಾಗ ಅಣ್ಣ ಮೇಜಿನ ಹತ್ತಿರ ಇರಲಿಲ್ಲ. ಟ್ರಯಲ್ ರೂಮಿನ ಪರದೆ ಎಳೆದಿತ್ತು, ಕೆಳಗೆ ಅವನ ಚಪ್ಪಲಿ ಕಾಣುತ್ತಿತ್ತು. ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ “ರೀ, ಕರೆಂಟ್ ಬಿಲ್ ಎಲ್ಲಿಟ್ರಿ?” ಎನ್ನುತ್ತ ಬಂದರು. ಎಳೆದ ಪರದೆ ನೋಡಿದವರೇ ನಾಲಗೆ ಕಚ್ಚಿಕೊಂಡು, ಇಷ್ಟು ಬೇಗ ಯಾರು ಬಂದಿದ್ದಾರೆ ಎಂದು ನನಗೆ ಸನ್ನೆಯಲ್ಲೇ ಕೇಳಿ, ಉತ್ತರಕ್ಕೂ ಕಾಯದೆ ಹಿಂದಕ್ಕೆ ಹೋದರು. ಕಟ್ಟಿಕೊಂಡ ಗಂಡನೇ ಒಳಗಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಅಣ್ಣ ಉಸಿರೆತ್ತಲಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಹೊರಗೆ ಬಂದ, ಕೋಟಿನ ತೋಳಿನಿಂದ ನನ್ನ ಕಚ್ಚಾ ಹೊಲಿಗೆಯನ್ನು ಒಂದೊಂದಾಗಿ ಬಿಡಿಸತೊಡಗಿದ.

ಸಂಜೆ ವಕೀಲರು ಬಟ್ಟೆಯೊಂದಿಗೆ ಬಂದು ಕೂತಿದ್ದಾಗಲೇ ಕೋಟಿನಮ್ಮ ಬಂದರು. ಅವರ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಇವತ್ತು ಅದನ್ನು ಆಫ್ ಮಾಡಲಿಲ್ಲ. ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ, ಮಾಸ್ಟರ್, ಕೋಟು ಬಹಳ ಚೆನ್ನಾಗಿದೆ, ಮೊದಲಿನಿಂದಲೂ ಚೆನ್ನಾಗಿಯೇ ಇತ್ತು, ನಾನೇ ಸುಮ್ಮನೆ ತೊಂದರೆ ಕೊಟ್ಟೆ, ಟ್ರಯಲ್ ಬೇಡ, ಕಟ್ಟಿಕೊಡಿ ಎಂದರು. ವಕೀಲರು ಮೆಚ್ಚುಗೆಯಿಂದ ತಲೆಯಾಡಿಸಿದರು. ಅಣ್ಣ ಇಷ್ಟು ದಿನ ಕಾದಿದ್ದ ಮಾತು ಅದು, ಸಾಕ್ಷಿ ಸಮೇತ ಸಿಕ್ಕಿತ್ತು. ಮೆಟ್ಟಿಲಿಳಿಸುತ್ತಾನೆಂದು ನಾನು ಜೀವ ಬಿಗಿಹಿಡಿದು ಕೂತೆ.

ಅಣ್ಣ ಕೋಟನ್ನು ಬೆಳಕಿಗೆ ಹಿಡಿದು ನೋಡಿದ. “ಇಲ್ಲಮ್ಮ,” ಎಂದ. “ಇನ್ನೂ ಸರಿಯಾಗಿಲ್ಲ. ಬೆನ್ನಿನ ಕಟಿಂಗ್ ನಂದೇ ತಪ್ಪು. ಒಂದು ಟ್ರಯಲ್ ನೋಡಿಬಿಡಿ. ನಿಧಾನಕ್ಕೆ ನೋಡಿ, ಅವಸರ ಇಲ್ಲ.”

ಆಕೆ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಕಣ್ಣು ತುಂಬಿತು. ಕೋಟು ತೆಗೆದುಕೊಂಡರು. ಒಳಗೆ ಹೋಗಿ ಪರದೆ ಎಳೆದುಕೊಂಡರು, ಬಡಿದುಕೊಳ್ಳುತ್ತಿದ್ದ ಫೋನು ಅರ್ಧಕ್ಕೇ ನಿಂತಿತು.

ವಕೀಲರು ಮುಖ ಸಣ್ಣಗೆ ಮಾಡಿಕೊಂಡರು. ನಿಮ್ಮ ಕೈಯಲ್ಲೂ ಕಟಿಂಗ್ ತಪ್ಪುತ್ತದೆಯೇ ಮಾಸ್ಟರ್ ಎಂದು ಕೇಳಿದರು. ತಪ್ಪುತ್ತದೆ ಸಾರ್, ಈ ಕೋಟನ್ನು ವಾರ ವಾರ ನೋಡಬೇಕು, ಬೇಗ ಮುಗಿಯುವ ಹಾಗೆ ಕಾಣುವುದಿಲ್ಲ ಎಂದ ಅಣ್ಣ. ಹೇಳುವಾಗ ಕಿವಿ ಕೆಂಪಾಗಿತ್ತು, ಆದರೆ ದನಿ ಅಲುಗಲಿಲ್ಲ. ವಕೀಲರು ತಮ್ಮ ಕರಿ ಬಟ್ಟೆಯನ್ನು ಮೇಜಿನ ಮೇಲಿಂದ ಎತ್ತಿಕೊಂಡರು. ಬಟ್ಟೆ ದುಬಾರಿಯದು, ಸ್ವಲ್ಪ ಯೋಚನೆ ಮಾಡಿ ಬರುತ್ತೇನೆ ಎಂದರು. ಆಗಲಿ ಸಾರ್ ಎಂದ. ಅವರು ಹೋದರು. ನಾಳೆಯ ಹೊತ್ತಿಗೆ ಕೋರ್ಟಿನ ತುಂಬ ಮಾಸ್ಟರ್ ಕೈ ಬಿದ್ದುಹೋಯಿತೆಂಬ ಸುದ್ದಿ ಹರಡುತ್ತದೆ ಎಂದು ನನಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಇಷ್ಟು ಕಷ್ಟಪಟ್ಟು ನಿನ್ನ ಹೆಸರು ಉಳಿಸಿ ತಂದರೆ ನೀನೇ ಕೈಯಾರೆ ಕಳೆದೆಯಲ್ಲ ಎಂದು ಪಿಸುಗುಟ್ಟಿದೆ.

“ಕೈ ಸರಿಯಾಗಿದೆ ಅಂತ ನನಗೆ ಗೊತ್ತಾಯ್ತಲ್ಲ,” ಎಂದ ಅವನೂ ಪಿಸುದನಿಯಲ್ಲೇ. “ಸಾಕು ಬಿಡು.”

ಅಷ್ಟರಲ್ಲಿ ಪ್ಯಾಂಟು ಹೊಲಿಯಲು ಕೊಟ್ಟಿದ್ದ ಗಿರಾಕಿಯೊಬ್ಬ ಮೆಟ್ಟಿಲು ಹತ್ತಿ ಬಂದು, ಟ್ರಯಲ್ ನೋಡಬಹುದಾ ಎಂದು ಕೇಳಿದ. ಅಣ್ಣ ತುಟಿಯ ಮೇಲೆ ಬೆರಳಿಟ್ಟು ಅವನಿಗೆ ಕುರ್ಚಿ ತೋರಿಸಿದ.

“ಸ್ವಲ್ಪ ಕೂತ್ಕೊಳ್ಳಿ,” ಎಂದ. “ಒಳಗೆ ಒಬ್ಬರಿದ್ದಾರೆ.”